ಅಪ್ಪನ ಬಿ.ಪಿ. ಗುಳಿಗೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಲೇಜು ದಿನಗಳಿಂದ ಡೈರಿ ಬರೆಯುವ ಚಟವಿದೆಯಲ್ಲ, ಹಾಗಿದ್ದೂ ಹೀಗೇಕೆ ಎಂದು ನೀವು ಕೇಳಬಹುದು. ಡೈರಿಯಲ್ಲಿ ಎಷ್ಟು ಸುಳ್ಳು ಬರೆಯಬಹುದೆಂಬುದು ಡೈರಿ ಬರೆಯುವವರಿಗೇ ಗೊತ್ತು. ಈ ಸಂಗತಿಯ ಮಟ್ಟಿಗಂತೂ ನನಗೆ ನೆನಪಿಗಿಂತ ಡೈರಿಯ ಮೇಲೇ ಹೆಚ್ಚು ಅನುಮಾನ. ಯಾಕೆಂಬುದು ಮುಂದೆ ತಿಳಿಯುತ್ತದೆ.

ಹೋದ ತಿಂಗಳು ಇಲ್ಲೇ ಹಳಿಯಾಳದ ಔಷಧಿ ಅಂಗಡಿಯಲ್ಲಿ ಕಣ್ಣಿನ ಹನಿ ಕೊಳ್ಳಲು ನಿಂತಿದ್ದೆ. ನನ್ನ ಮುಂದೆ ಒಬ್ಬ ಹುಡುಗಿ, ಇಪ್ಪತ್ತರ ಆಸುಪಾಸು, ಬೆನ್ನಿಗೆ ಕಾಲೇಜಿನ ಚೀಲ. ಡಾಕ್ಟರ ಚೀಟಿಯನ್ನು ಗಾಜಿನ ಮೇಲೆ ಇಟ್ಟು, “ಅಣ್ಣಾ, ಇದು ನಮ್ಮಪ್ಪಂದು. ಮಾನಸಿಕ ಡಾಕ್ಟರು ಬರದಿದ್ದು. ಎರಡ ತಿಂಗಳದ್ದು ಒಮ್ಮೆಲೇ ಕೊಟ್ಟಬಿಡ್ರಿ, ನಡುವ ತಪ್ಪಬಾರದಂತ” ಎಂದಳು. ದನಿ ತಗ್ಗಿಸಲಿಲ್ಲ. ಹಿಂದೆ ಯಾರಿದ್ದಾರೆಂದು ತಿರುಗಿಯೂ ನೋಡಲಿಲ್ಲ. ಅಂಗಡಿಯವನು ಗುಳಿಗೆಯ ಪಟ್ಟಿಗಳನ್ನು ಎಣಿಸಿ ಕೊಟ್ಟ, ಅವಳು ಚೀಲಕ್ಕೆ ಹಾಕಿಕೊಂಡು ಹೋದಳು. ಅಷ್ಟೇ. ನನ್ನ ಸರದಿ ಬಂದಾಗ ನನಗೆ ಏನು ಬೇಕಾಗಿತ್ತೆಂಬುದೇ ಹೊಳೆಯಲಿಲ್ಲ. “ಏನ್ ಬೇಕ್ರಿ ಟೀಚರ್?” ಎಂದು ಅವನು ಎರಡು ಸಲ ಕೇಳಿದ.

ನಮ್ಮ ಅಪ್ಪ ದಾಂಡೇಲಿಯಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ, ಲಾರಿಗೆ ದಿಮ್ಮಿ ಏರಿಸುವ ತಂಡದ ಮುಕಾದಮನಾಗಿದ್ದ. ಮುಕಾದಮ ಎಂದರೆ ದೊಡ್ಡ ಅಧಿಕಾರವೆಂದುಕೊಳ್ಳಬೇಡಿ. ಅವನ ಕೆಲಸ ಕೂಗುವುದು. ಲಾರಿಗೆ ಎರಡು ಓರೆ ಮರಗಳನ್ನು ಒರಗಿಸಿ, ಅವುಗಳ ಮೇಲೆ ಸಾಗುವಾನಿ ದಿಮ್ಮಿಯನ್ನು ಉರುಳಿಸುತ್ತ ಹಗ್ಗದಿಂದ ಮೇಲಕ್ಕೆ ಎಳೆಯಬೇಕು. ಒಂದೊಂದು ಎಳೆತಕ್ಕೂ ಒಬ್ಬನು ಹಿಂದಿನಿಂದ ಬಗ್ಗಿ, ದಿಮ್ಮಿ ಜಾರದಂತೆ ಮರದ ತುಂಡೊಂದನ್ನು ಅಡ್ಡ ಇಡುತ್ತಾನೆ. ಇಟ್ಟು ಈಚೆಗೆ ಬರುತ್ತಾನೆ. ಬಂದನೋ ಇಲ್ಲವೋ ಹಗ್ಗ ಹಿಡಿದವರಿಗೆ ಕಾಣುವುದಿಲ್ಲ. ಅದಕ್ಕಾಗಿ ಮುಕಾದಮ ಅವನ ಹೆಸರು ಹಿಡಿದು ಕೂಗಬೇಕು. ಅವನು “ಅದೇನ್ರೀ”, ಅಂದರೆ ಇದ್ದೇನೆ, ಎನ್ನಬೇಕು. ಆಮೇಲೆಯೇ ಮುಕಾದಮ “ಹೈಸಾ” ಎನ್ನಬೇಕು. ಹೆಸರಿಗೆ ಉತ್ತರ ಬರದೆ ಯಾರೂ ಹಗ್ಗ ಎಳೆಯಬಾರದು. ಇದು ಯಾವ ಪುಸ್ತಕದಲ್ಲೂ ಇರದ ನಿಯಮ, ಆದರೆ ಆ ತಂಡದಲ್ಲಿ ಇದನ್ನು ಮುರಿದವರಿರಲಿಲ್ಲ. ಅಪ್ಪನ ದನಿ ದೊಡ್ಡದು. ಕುಳಗಿಯ ಕಾಡಿನಲ್ಲಿ ಅವನು ಕೂಗಿದರೆ ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೆ ಕೇಳುತ್ತಿತ್ತು ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ಮನೆಯಲ್ಲಿ ಮಾತ್ರ ಅವನು ಮೆಲುದನಿಯ ಮನುಷ್ಯ. ದಿನದ ದನಿಯನ್ನೆಲ್ಲ ಅಲ್ಲೇ ಖರ್ಚು ಮಾಡಿ ಬಂದವನಂತೆ ಇರುತ್ತಿದ್ದ.

ಹಿಂದೆ ನಿಂತು ತುಂಡು ಇಡುವ ಕೆಲಸ ಹನ್ನೆರಡು ವರ್ಷ ಮಾಡಿದವನು ಬಸ್ತ್ಯಾಂವ. ಹಳಿಯಾಳದ ಕಡೆಯ ಒಂದು ಸಿದ್ದಿ ಹಳ್ಳಿಯವನು, ಇಗರ್ಜಿಗೆ ಹೋಗುವ ಕುಟುಂಬ. ನಮ್ಮ ಮನೆಗೆ ಬಂದರೆ ಅಂಗಳದಿಂದಲೇ, “ಅಕ್ಕಾ, ನಿನ್ನ ಗಂಡ ದಿನಾ ನನ್ನ ಹೆಸರ ಒದರಿ ಒದರಿ ಸವಿಸಿಬಿಟ್ಟಾನ. ಹೊಸಾ ಹೆಸರ ಇಟ್ಟಕೊಡ ಅನ್ನು” ಎಂದು ಅವ್ವನನ್ನು ನಗಿಸುತ್ತಿದ್ದ.

ಎಪ್ಪತ್ತೈದೋ ಎಪ್ಪತ್ತಾರೋ, ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪ ಕೂಗಿದ, ಬಸ್ತ್ಯಾಂವ ಉತ್ತರ ಕೊಟ್ಟ, ಅಪ್ಪ “ಹೈಸಾ” ಎಂದ. ಉತ್ತರ ಕೊಟ್ಟ ಮೇಲೆ ಬಸ್ತ್ಯಾಂವ ಮತ್ತೆ ಯಾಕೆ ಒಳಗೆ ಬಗ್ಗಿದನೋ. ಸೊಂಟದ ಕತ್ತಿ ಕೊಯ್ತಾವನ್ನು ಅಲ್ಲೇ ಬಿಟ್ಟಿದ್ದನೆಂದು ಕೆಲವರು ಹೇಳಿದರು. ಒಂದು ಹಗ್ಗ ಹರಿಯಿತು. ಬಸ್ತ್ಯಾಂವ ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ, ನಾನು ಅಲ್ಲಿರಲಿಲ್ಲ. ತಪ್ಪು ಅಪ್ಪನದಲ್ಲವೆಂದು ಎಲ್ಲರೂ ಹೇಳಿದರು. ಬಸ್ತ್ಯಾಂವನ ಹೆಂಡತಿ ಕಾತ್ರಿನಬಾಯಿ ಕೂಡ ಹೇಳಿದಳು. ಅಪ್ಪ ಮಾತ್ರ, “ಕೂಗಿದಾಂವ ನಾನು” ಎಂದಷ್ಟೇ ಹೇಳಿ ಮುಂದೆ ಆ ಮಾತೇ ಎತ್ತಲಿಲ್ಲ.

ಮಾತು ಎತ್ತಲಿಲ್ಲ, ಆದರೆ ಮನೆಯಲ್ಲಿ ಕೂಗಲು ಶುರುಮಾಡಿದ. ಬಾಗಿಲು ಹಾಕುವ ಮೊದಲು, ಗಿರಣಿಯಿಂದ ತಂದ ಹಿಟ್ಟಿನ ಚೀಲ ಕೆಳಗಿಳಿಸುವ ಮೊದಲು, ಬಾವಿಗೆ ಕೊಡ ಬಿಡುವ ಮೊದಲು ನಮ್ಮೆಲ್ಲರ ಹೆಸರು ಒಂದೊಂದಾಗಿ ಕರೆಯುತ್ತಿದ್ದ. ಅವ್ವ, ನಾನು, ತಂಗಿ ಶಾಂತಾ ಮೂವರೂ “ಅದೇನಿ” ಎನ್ನಬೇಕು. ಒಬ್ಬರು ತಡಮಾಡಿದರೆ ಅವನ ಮುಖದ ಮೇಲೆ ಬೆವರೊಡೆಯುತ್ತಿತ್ತು. ಲಾರಿಯ ಹಲಗೆ ದಡಾರೆಂದರೆ ಗೋಡೆಗೆ ಆತುಕೊಂಡು ನಿಲ್ಲುತ್ತಿದ್ದ. ಊಟಕ್ಕೆ ಕುಳಿತರೂ ಬಾಗಿಲು ಕಾಣುವಂತೆ ಕೂರಬೇಕು. ನಿದ್ದೆ ಎಂಬುದು ಎರಡು ತಾಸಿನ ಮಾತಾಯಿತು. ಕೆಲಸ ಬಿಟ್ಟ.

ಈಗ ಇದಕ್ಕೊಂದು ಹೆಸರಿದೆ. ದೊಡ್ಡ ಆಘಾತ ಕಂಡವರ ಮೈಮನಸ್ಸು ಅದನ್ನೇ ಮತ್ತೆ ಮತ್ತೆ ಅನುಭವಿಸುವ ಕಾಯಿಲೆ ಎಂದು ಪತ್ರಿಕೆಗಳಲ್ಲೂ ಬರೆಯುತ್ತಾರೆ. ಆಗ ನಮ್ಮ ಬಳಿ ಇದ್ದ ಶಬ್ದ ಅಂಜಿಕೆ ಒಂದೇ. “ಶಿವಪ್ಪಗ ಅಂಜಿಕಿ ಹೊಕ್ಕೈತಿ” ಎನ್ನುತ್ತಿದ್ದರು. ಓದಿದವಳು ನಾನು. ನನಗೂ ಬೇರೆ ಶಬ್ದ ಗೊತ್ತಿರಲಿಲ್ಲ. ಬದಲಿಗೆ ಸಿಟ್ಟು ಇತ್ತು. ಒಮ್ಮೆ ರಜೆ ಮುಗಿಸಿ ಧಾರವಾಡದ ಬಸ್ಸಿನಲ್ಲಿ ಕೂತಿದ್ದೆ. ಹಿಂದಿನ ಸೀಟಿನಲ್ಲಿ ನನ್ನ ಕಾಲೇಜಿನವರು ನಾಲ್ಕು ಜನ. ಅಪ್ಪ ಕಿಟಕಿಯ ಕೆಳಗೆ ನಿಂತು ನನ್ನ ಹೆಸರು ಕೂಗಿದ. ನಾನು ಕೈಯಲ್ಲಿದ್ದ ಪುಸ್ತಕದಿಂದ ತಲೆಯೆತ್ತಲಿಲ್ಲ. ಮತ್ತೆ ಕೂಗಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಬಸ್ಸು ಹೊರಟಿತು, ಅಪ್ಪ ಬಸ್ಸಿನ ಮೈಗೆ ಕೈಹಚ್ಚಿಕೊಂಡು ಕೂಗುತ್ತ ಓಡತೊಡಗಿದ. ಕೊನೆಗೆ ಕಂಡಕ್ಟರನೇ ಬಾಗಿಲಿನಿಂದ ಹೊರಗೆ ಬಾಗಿ, “ಅದಾಳ್ರೀ ಕಾಕಾ, ಒಳಗ ಅದಾಳ! ಕೈ ಬಿಡ್ರಿ, ಬೀಳ್ತೀರಿ!” ಎಂದು ನನ್ನ ಪರವಾಗಿ ಉತ್ತರ ಕೊಟ್ಟ. ಆವತ್ತಿನ ಡೈರಿಯಲ್ಲಿ ಬಸ್ಸು ಅರ್ಧ ತಾಸು ತಡವಾಯಿತೆಂದು ಬರೆದಿದ್ದೇನೆ. ಬೇರೇನೂ ಇಲ್ಲ.

ಔಷಧ ಹುಡುಕಿದ್ದನ್ನು ಹೇಳುತ್ತೇನೆ. ಮೊದಲು ಊರಿನ ಡಾಕ್ಟರು. ಅವರು ರಕ್ತ ಕಡಿಮೆ ಎಂದು ಕೆಂಪು ಟಾನಿಕ್ ಕೊಟ್ಟರು, ಸೊಂಟಕ್ಕೆ ಸೂಜಿ ಹಾಕಿದರು. ಅಪ್ಪನ ಕೆನ್ನೆ ತುಂಬಿತು. ಕೂಗುವುದಕ್ಕೆ ಇನ್ನಷ್ಟು ಶಕ್ತಿ ಬಂತು. ಆಮೇಲೆ ನಿದ್ದೆಯ ಗುಳಿಗೆ. ಅದನ್ನು ತಿಂದು ಹಗಲೆಲ್ಲ ಮೂಲೆಯಲ್ಲಿ ಬಿದ್ದುಕೊಂಡ ಅಪ್ಪ ಎದ್ದು ಅತ್ತ. “ನಾ ಮಲಗಿದಾಗ ಯಾರರ ಹೋಗಿಬಿಟ್ರ ಹೆಂಗ?” ಎಂದು ಬಾಟಲಿಯನ್ನು ಗಟಾರಕ್ಕೆ ಚೆಲ್ಲಿದ. ತಂಡದ ಹಳೆಯ ಗೆಳೆಯರು ಬೇರೆ ಬಾಟಲಿ ತಂದರು. ಕೊರಳಲ್ಲಿ ಲಿಂಗವಿದೆ ಎಂದು ಅಪ್ಪ ಅದನ್ನು ಮುಟ್ಟಲಿಲ್ಲ.

ಅವ್ವನ ತವರು ಮುಂಡಗೋಡದ ಹತ್ತಿರ ಚಿಗಳ್ಳಿ. ಅಲ್ಲಿದ್ದ ನನ್ನ ಸೋದರಮಾವ ಅಪ್ಪನನ್ನು ಟಿಬೇಟಿಯನ್ನರ ವೈದ್ಯರ ಬಳಿ ಕರೆದೊಯ್ದ. ನಾನೂ ಹೋಗಿದ್ದೆ. ಮುದುಕ ವೈದ್ಯರು ಎರಡೂ ಕೈಯ ನಾಡಿಯನ್ನು ಬಹಳ ಹೊತ್ತು ಹಿಡಿದರು. ಪಕ್ಕದಲ್ಲಿದ್ದ ಹುಡುಗಿ ನಮಗಿಂತ ಚೆನ್ನಾದ ಮುಂಡಗೋಡದ ಕನ್ನಡದಲ್ಲಿ, “ನಿಮ್ಮ ಎದ್ಯಾಗ ಗಾಳಿ ಹೊಕ್ಕೈತಂತ್ರಿ. ಬಿಸಿನೀರಾಗ ತಗೋರಿ, ಕಡದು ನುಂಗ್ರಿ” ಎಂದಳು. ಕಡಲೆಗಾತ್ರದ ಕಂದು ಉಂಡೆಗಳು, ಕಹಿಯೆಂದರೆ ಕಹಿ. ಅಪ್ಪನ ಹೊಟ್ಟೆ ಸರಿಹೋಯಿತು, ಊಟ ಹೆಚ್ಚಾಯಿತು. ಆ ಮುದುಕರು ಕೈ ಹಿಡಿದು ಕೂತದ್ದೇ ಒಳ್ಳೆಯ ಔಷಧವಾಗಿತ್ತೆಂದು ಅಪ್ಪ ಆಮೇಲೂ ಹೇಳುತ್ತಿದ್ದ. ಹೆಸರು ಕರೆಯುವುದು ಮಾತ್ರ ನಿಲ್ಲಲಿಲ್ಲ.

ಎಂ.ಎ. ಎರಡನೆಯ ವರ್ಷದಲ್ಲಿ ಹಾಸ್ಟೆಲಿನ ಗೆಳತಿಯೊಬ್ಬಳಿಂದ ಧಾರವಾಡದಲ್ಲಿ ಮನಸ್ಸಿನ ಕಾಯಿಲೆ ನೋಡುವ ಒಬ್ಬ ಡಾಕ್ಟರ ವಿಷಯ ತಿಳಿಯಿತು. ಅಪ್ಪನಿಗೆ ಪತ್ರ ಬರೆದು ಕರೆಸಿಕೊಂಡೆ. ಆ ಡಾಕ್ಟರು ಅಪ್ಪನಿಗೆ ಏನಾಗುತ್ತದೆ ಎಂದು ಮೊದಲು ಕೇಳಲಿಲ್ಲ.

“ಏನ್ ಕೆಲಸಾ ಮಾಡ್ತಿದ್ರಿ?”

“ಕೂಗೂದ್ರಿ.”

“ಯಾರನ್ನ?”

“ಬಸ್ತ್ಯಾಂವನ್ನ” ಎಂದ ಅಪ್ಪ. ಘಟನೆಯಾಗಿ ಎರಡು ವರ್ಷವಾದ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಆವತ್ತೇ. ಆಮೇಲೆ ಒಂದು ತಾಸು ಮಾತಾಡಿದ. ನನ್ನನ್ನು ಹೊರಗೆ ಕೂಡಿಸಿದ್ದರು.

ಕೊನೆಗೆ ಇಬ್ಬರನ್ನೂ ಕೂಡಿಸಿಕೊಂಡು ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಇದರಲ್ಲಿ ತಪ್ಪಿಲ್ಲ. “ದಿನಾ ಸಂಜೀ ಊಟ ಆದಮ್ಯಾಲೆ ಒಂದು. ಮೊದಲ ಮೂರು ವಾರ ಏನೂ ಗುಣ ಕಾಣಾಂಗಿಲ್ಲ, ಬಾಯಿ ಒಣಗತೈತಿ, ಥಟ್ಟನ ಎದ್ರ ತಲಿ ತಿರಗತೈತಿ. ಅಂಜಬ್ಯಾಡ್ರಿ. ಆರಾಮ ಆತು ಅಂತ ನೀವ ನೀವ ಬಿಡಬ್ಯಾಡ್ರಿ. ಬಿಡೂದಾದ್ರ ನಾನಽ ಬಿಡಸ್ತೇನಿ.” ಸಕ್ಕರೆ ಲೇಪಿಸಿದ ಕಡುಗೆಂಪಿನ ಸಣ್ಣ ಗುಳಿಗೆ. ಕೊಟ್ಟ ಲಕೋಟೆಯ ಮೇಲೆ ಯಾವ ಕಾಯಿಲೆಯ ದವಾಖಾನೆ ಎಂಬುದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ತಿರುಗಿ ಊರಿಗೆ ಹೊರಟ ಬಸ್ಸಿನಲ್ಲಿ ಹಳಿಯಾಳದ ನಿಂಗಮ್ಮ ಸಿಕ್ಕಳು. ದೂರದ ಸಂಬಂಧ, ಸುದ್ದಿಯ ವಿಷಯದಲ್ಲಿ ಮಾತ್ರ ಬಹಳ ಹತ್ತಿರದವಳು. “ಏನ್ ತಂಗೀ, ಅಪ್ಪನ್ನ ಕರಕೊಂಡು ಧಾರವಾಡಕ್ಕ? ದವಾಖಾನಿಗೇನು?” ಎಂದಳು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, “ಹೌದ್ರಿ ಅತ್ತೀ, ಅಪ್ಪಗ ಬಿ.ಪಿ. ಆಗೇತಿ” ಎಂದೆ. “ಅಯ್ಯ, ನಮ್ಮನಿಯವರಿಗೂ ಐತಿ ಬಿಡು, ದೊಡ್ಡವರಿಗೆಲ್ಲಾ ಬರೂದ ಅದು” ಎಂದು ನಿಂಗಮ್ಮ ಅಪ್ಪನ ಕಡೆ ಗೌರವದಿಂದಲೇ ನೋಡಿದಳು. ಅಪ್ಪ ನನ್ನ ಕಡೆ ಒಮ್ಮೆ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದ. ಇಳಿಯುವವರೆಗೂ ತಿರುಗಲಿಲ್ಲ.

ಶಾಂತಾಳ ಮದುವೆಯ ಮಾತು ನಡೆದಿತ್ತು, ಅದಕ್ಕಾಗಿ ಹಾಗೆ ಹೇಳಬೇಕಾಯಿತು ಎಂದು ನಾನು ಬಹಳ ವರ್ಷ ಹೇಳಿಕೊಂಡೆ. ಮಾತು ನಡೆದಿದ್ದು ನಿಜ. ಆದರೆ ನನ್ನ ನಾಲಿಗೆ ಅಷ್ಟು ಚುರುಕಾಗಿ ಓಡಿದ್ದು ಶಾಂತಾಳಿಗಾಗಿ ಅಲ್ಲ. ವಿಶ್ವವಿದ್ಯಾಲಯದಲ್ಲಿ ಓದುವವಳ ಅಪ್ಪ ಹುಚ್ಚಿನ ದವಾಖಾನೆಗೆ ಹೋಗಿ ಬಂದ ಎಂದು ಯಾರೂ ಅನ್ನಬಾರದಿತ್ತು, ಅಷ್ಟೇ. ಮನೆಗೆ ಮುಟ್ಟುವ ಮೊದಲೇ ಗುಳಿಗೆಗಳನ್ನು ಲಕೋಟೆಯಿಂದ ತೆಗೆದು ಖಾಲಿ ಪೆಪ್ಪರಮಿಂಟಿನ ಡಬ್ಬಿಗೆ ಸುರಿದೆ, ಲಕೋಟೆಯನ್ನು ಹರಿದು ಎಸೆದೆ. ಅವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಅವಳಿಗೂ ಬಿ.ಪಿ. ಎಂದೇ ಹೇಳಿದೆ. ಇನ್ನೊಂದು ಹೇಳಿಬಿಡುತ್ತೇನೆ: ಡೈರಿಯಲ್ಲಿಯೂ ಹಾಗೆಯೇ ಬರೆದೆ. ‘ಅಪ್ಪನಿಗೆ ಬಿ.ಪಿ. ಗುಳಿಗೆ ತಂದೆವು.’ ಯಾರೂ ಓದದ ಡೈರಿಯಲ್ಲಿ ಯಾರಿಗೆ ಅಂಜಿ ಹಾಗೆ ಬರೆದೆನೋ.

ಅವ್ವ ಬಿ.ಪಿ.ಯನ್ನು ಬಹಳ ಶ್ರದ್ಧೆಯಿಂದ ನಡೆಸಿಕೊಂಡಳು. ಅದಕ್ಕೆ ಉಪ್ಪು ಆಗದೆಂದು ನಿಂಗಮ್ಮನಿಂದ ತಿಳಿದುಕೊಂಡು ಅಪ್ಪನಿಗೆ ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಝುಣಕ ಮಾಡತೊಡಗಿದಳು. ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೇರಿಸಿದಳು. ಅಪ್ಪ ರೊಟ್ಟಿ ಮುರಿದು ಆ ಬೇಳೆಯಲ್ಲಿ ಅದ್ದಿ, ನನ್ನ ಕಡೆ ನೋಡದೆ, “ಬಿ.ಪಿ. ನನಗ ಬಂದೈತೋ, ನನ್ನ ನಾಲಿಗಿಗೆ ಬಂದೈತೋ?” ಎನ್ನುತ್ತಿದ್ದ. ನಗು ಬರುತ್ತಿತ್ತು. ನಾನೂ ನಗುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವನ ತಟ್ಟೆಗೆ ಉಪ್ಪು ಬೀಳುತ್ತಿತ್ತು. ಆ ಮಾತು ಹೇಳದೆ ನಗುತ್ತಿದ್ದೆ.

ಗುಳಿಗೆ ಕೆಲಸ ಮಾಡಿತು. ಡಾಕ್ಟರು ಹೇಳಿದಂತೆಯೇ ಮೂರು ವಾರ ಏನೂ ಇಲ್ಲ. ಆಮೇಲೆ ನಾನು ರಜೆಗೆ ಬಂದಿದ್ದ ಒಂದು ದಿನ ಅಪ್ಪ ಬಾಗಿಲಿಗೆ ಬೆನ್ನು ಹಾಕಿ ಊಟಕ್ಕೆ ಕೂತ. ಅವನಿಗೇ ಅದು ಗೊತ್ತಾಗಲಿಲ್ಲ; ನಾವು ಮೂವರು ಹೆಂಗಸರು ಮುಖ ಮುಖ ನೋಡಿಕೊಂಡೆವು. ನಿದ್ದೆ ಬಂತು. ಹೆಸರು ಕರೆಯುವುದು ಕಡಿಮೆಯಾಗುತ್ತ ಹೋಗಿ ಒಂದು ದಿನ ನಿಂತಿತು. ಅಪ್ಪ ಒಬ್ಬನೇ ಕಾತ್ರಿನಬಾಯಿಯ ಮನೆಗೆ ಹೋಗಿ, ಅವಳ ಮಾಡಿನ ಹೆಂಚು ಸರಿಮಾಡಿ, ಅಲ್ಲೇ ಉಂಡು ಬಂದ. ಅಲ್ಲಿ ಉಪ್ಪು ತಿಂದಿರಬೇಕು. ನಾಲ್ಕಾರು ತಿಂಗಳಿಗೆ ಡಿಪೋದಲ್ಲಿ ಕೆಲಸವೂ ಸಿಕ್ಕಿತು. ಕೂಗುವುದಲ್ಲ, ಲಾರಿಗೆ ಏರಿದ ದಿಮ್ಮಿಗಳ ಲೆಕ್ಕ ಇಡುವುದು. ಡಬ್ಬಿ ಖಾಲಿಯಾಗುವ ಮೊದಲೇ ನಾನು ಧಾರವಾಡದಿಂದ ತಂದು ತುಂಬುತ್ತಿದ್ದೆ. ಎಂ.ಎ. ಮುಗಿದು ಮುಂಡಗೋಡದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೂ ಅದನ್ನು ತಪ್ಪಿಸಲಿಲ್ಲ.

ಆ ವರ್ಷ ಪಂಚಮಿಗೆ ನಾನು ಊರಿಗೆ ಹೋಗಲಿಲ್ಲ. ಮಳೆ ಜೋರಾಗಿತ್ತು, ಹೊಸ ಕೆಲಸ. ಹಬ್ಬದ ಮರುವಾರ ಅವ್ವ ಅಪ್ಪನನ್ನು ಹಳಿಯಾಳಕ್ಕೆ ಕರೆದುಕೊಂಡು ಹೋದಳು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವ ಡಾಕ್ಟರೊಬ್ಬರು ಅಲ್ಲಿದ್ದರು. ಗಂಡನ ಬಿ.ಪಿ. ಎಷ್ಟು ಇಳಿದಿದೆಯೆಂದು ತಿಳಿಯಬೇಕೆಂಬುದು ಅವಳ ಆಸೆ. ಹತ್ತು ತಿಂಗಳು ಬೇರೆ ಗಡಿಗೆಯಲ್ಲಿ ಬೇಯಿಸಿದವಳಿಗೆ ಅಷ್ಟು ಹಕ್ಕಿತ್ತು. ಅಲ್ಲಿ ನಡೆದದ್ದನ್ನು ಅವ್ವ ಮುಂದೆ ಎಷ್ಟೋ ಸಲ ಹೇಳಿದ್ದರಿಂದ ನಾನು ಅಲ್ಲಿದ್ದೆನೇನೋ ಅನ್ನಿಸುತ್ತದೆ. ಡಾಕ್ಟರು ಪಟ್ಟಿ ಸುತ್ತಿ ನೋಡಿದರು. ಮತ್ತೊಮ್ಮೆ ನೋಡಿದರು.

“ಇದು ಭಾಳ ಇಳದೈತಲ್ರಿ. ತಲಿ ತಿರಗತೈತೇನು?”

“ಎದ್ದಾಗ ತಿರಗತೈತಿ ಅಂತಾರ್ರಿ,” ಎಂದಳು ಅವ್ವ.

“ಎದರ ಗುಳಿಗಿ ತಗೋತಾರ?”

“ಬಿ.ಪಿ.ದ್ರಿ. ಹತ್ತ ತಿಂಗಳಾತು.” ಅವ್ವ ಪೆಪ್ಪರಮಿಂಟಿನ ಡಬ್ಬಿ ತೆರೆದು ತೋರಿಸಿದಳು.

ಹೆಸರಿಲ್ಲದ ಡಬ್ಬಿ, ಹೆಸರಿಲ್ಲದ ಗುಳಿಗೆ, ಇಳಿದ ಬಿ.ಪಿ. ಯಾವ ಡಾಕ್ಟರಾದರೂ ಏನು ಹೇಳಬೇಕೋ ಅದನ್ನೇ ಅವರೂ ಹೇಳಿದರು. “ಸಾಕು, ಇನ್ನ ಬಂದ್ ಮಾಡ್ರಿ. ಉಪ್ಪೂ ತಿನ್ಲಿ.” ಅವ್ವ ಡಬ್ಬಿಯನ್ನು ಅಲ್ಲಿಯೇ ಬಿಟ್ಟುಬಂದಳು. ಮನೆಗೆ ಬಂದು ಭರಣಿ ಇಳಿಸಿ, ತನ್ನ ಕೈಯಿಂದಲೇ ಅಪ್ಪನ ತಟ್ಟೆಗೆ ಮಾವಿನ ಹೋಳು ಬಡಿಸಿದಳು. ಅಕ್ಕಪಕ್ಕದವರಿಗೆ ಹೋಳಿಗೆ ಹಂಚಿದಳು.

ಎಂಟು ದಿನಕ್ಕೆ ಶಾಂತಾಳ ಕೈಬರಹದಲ್ಲಿ ಅವ್ವನ ಪತ್ರ ಬಂತು. ‘ಶಿವನ ದಯದಿಂದ ನಿಮ್ಮಪ್ಪಾರ ಬಿ.ಪಿ. ಪೂರಾ ಹೋತು. ಗುಳಿಗಿ ಬಿಡಿಸ್ಯಾರ. ನೀ ಇನ್ನ ಚಿಂತಿ ಮಾಡಬ್ಯಾಡ.’

ಈಗ ನೀವು ನನ್ನ ಜೊತೆಗೆ ಸ್ವಲ್ಪ ನಿಧಾನವಾಗಿ ಬನ್ನಿ, ಯಾಕೆಂದರೆ ನಾನು ಓಡಿಹೋಗಲು ನೋಡುವುದು ಇಲ್ಲಿಯೇ. ಆ ಪತ್ರ ಓದಿದಾಗ ನನಗೆ ಎಲ್ಲವೂ ಗೊತ್ತಾಯಿತು. ಡಾಕ್ಟರ ಮಾತು ಕಿವಿಯಲ್ಲೇ ಇತ್ತು. ಮುಂಡಗೋಡದಿಂದ ದಾಂಡೇಲಿಗೆ ಬಸ್ಸು ಇತ್ತು. ಎರಡು ಕಡೆ ಬದಲಿಸಿದರೆ ಸಂಜೆಗೆ ಮನೆಯಲ್ಲಿರಬಹುದಿತ್ತು. ಹೋದರೆ ಅವ್ವನಿಗೆ ನಿಜ ಹೇಳಬೇಕು. ಶಾಂತಾಳ ಮಾತುಕತೆ ಮುಗಿದು ಮದುವೆಯ ದಿನ ನಿಶ್ಚಯವಾಗಿತ್ತು. ಪತ್ರ ಬರೆಯೋಣವೆಂದರೆ ಅದನ್ನು ಓದಿ ಹೇಳುವವಳು ಶಾಂತಾ. ಅಪ್ಪನಿಗೇ ಬರೆಯಲು ಮುಖವಿರಲಿಲ್ಲ. ಕೊನೆಗೆ ಒಂದು ಕಾರ್ಡು ಬರೆದೆ: ‘ಅಪ್ಪನ ಗುಳಿಗೆಯನ್ನು ಏಕಾಏಕಿ ಬಿಡಬಾರದು, ಮೊದಲಿನ ಡಾಕ್ಟರನ್ನು ಕೇಳೋಣ.’ ಮಾರುತ್ತರ ಬಂತು: ‘ದೊಡ್ಡ ಡಾಕ್ಟರೇ ಮಶಿನ್ ಹಚ್ಚಿ ನೋಡಿ ಹೇಳ್ಯಾರ. ನೀ ಅವರಿಗಿಂತ ಶಾಣ್ಯಾಳೇನು?’ ಅದನ್ನು ಓದಿ ನನಗೆ ಹಗುರಾಯಿತು. ಹೌದು, ಹಗುರಾಯಿತು. ಹೇಳುವುದನ್ನು ಹೇಳಿದೆನಲ್ಲ ಎಂದುಕೊಂಡೆ. ಅಪ್ಪ ಪೂರಾ ಗುಣವಾಗಿದ್ದರೂ ಆಗಿರಬಹುದೆಂದುಕೊಂಡೆ. ದಸರೆಯ ರಜೆಗೆ ಹೋಗಿ ನೋಡೋಣವೆಂದುಕೊಂಡೆ. ದಸರೆಗೆ ಇನ್ನೂ ಒಂದೂವರೆ ತಿಂಗಳಿತ್ತು.

ದಸರೆಗೆ ನಾಲ್ಕು ದಿನ ಇರುವಾಗ ಡಿಪೋದಲ್ಲಿ ಒಂದು ಲಾರಿ ತುಂಬುತ್ತಿದ್ದರು. ಹೊಸ ಮುಕಾದಮ ತುಂಡು ಇಡುವವನ ಹೆಸರು ಕೂಗಿದ, ಅವನು “ಅದೇನ್ರೀ” ಎಂದ. ಪಕ್ಕದಲ್ಲಿ ಲೆಕ್ಕದ ಹಲಗೆ ಹಿಡಿದು ನಿಂತಿದ್ದ ಅಪ್ಪ ಒಮ್ಮೆಲೆ, “ಬಸ್ತ್ಯಾಂವಾ!” ಎಂದು ಕೂಗಿದನಂತೆ. ಹಗ್ಗ ಹಿಡಿದವರಲ್ಲಿ ಹೊಸಬರು ನಕ್ಕರು. “ಶಿವಪ್ಪ ಕಾಕಾ, ಆ ಹೆಸರಿನಾಂವ ಯಾರೂ ಇಲ್ರೀ ಇಲ್ಲಿ!” ಎಂದು ಒಬ್ಬ ಚೇಷ್ಟೆ ಮಾಡಿದ. ಹಳಬರು ನಗಲಿಲ್ಲ. ಅಪ್ಪ ಮತ್ತೆ ಕೂಗಿದ. ಉತ್ತರ ಬರುವವರೆಗೆ ಎಳೆಯಬಾರದಲ್ಲ. ಆ ಹಳಬರು ಹಗ್ಗ ಹಿಡಿದುಕೊಂಡೇ ನಿಂತರು. ಎಷ್ಟು ಹೊತ್ತು ನಿಂತರೋ, ಒಬ್ಬೊಬ್ಬರು ಒಂದೊಂದು ಹೇಳಿದರು. ಅಪ್ಪನ ದನಿ ಒಡೆದು ಗೊಗ್ಗರಾದ ಮೇಲೆ ಇಬ್ಬರು ಅವನನ್ನು ತೋಳು ಹಿಡಿದು ಮನೆಗೆ ತಂದರು. ಅವನು ಮತ್ತೆಂದೂ ಆ ಡಿಪೋದ ಕಡೆ ಹೋಗಲಿಲ್ಲ.

ನಾನು ಬಂದು ಅಡುಗೆಮನೆಯಲ್ಲಿ ಅವ್ವನ ಎದುರಿಗೆ ಕೂತು ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಒಲೆಯ ಕಡೆ ನೋಡುತ್ತ, “ಹತ್ತ ತಿಂಗಳ ಅವರಿಗೆ ಸಪ್ಪಂದು ಉಣಿಸೀನಲ್ಲವಾ. ಒಂದ ದಿನಾನೂ ತಟ್ಟಿ ದೂಡಲಿಲ್ಲಲ್ಲ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಧಾರವಾಡಕ್ಕೆ ಹೋಗಿ ಗುಳಿಗೆ ತಂದೆ. ಈ ಸಲ ಲಕೋಟೆ ಹರಿಯಲಿಲ್ಲ, ಹಾಗೆಯೇ ಅಪ್ಪನ ಮುಂದಿಟ್ಟೆ. ಅವನು ಅದನ್ನು ಓದಿದ, ಮಡಚಿದ, ನನ್ನ ಕೈಗೆ ತಿರುಗಿ ಕೊಟ್ಟ. “ಬ್ಯಾಡ ತಂಗೀ.”

“ಅದರಿಂದ ನಿನಗ ಆರಾಮ ಆಗಿತ್ತಲ್ಲಪ್ಪಾ.”

“ಆಗಿತ್ತು. ಗುಳಿಗಿ ಛಲೋನ ಇತ್ತು. ಆದರ ಅದನ್ನ ತಿನ್ನೂದು ನಾಚಿಗಿ ಕೆಲಸ ಅಂತ ನನಗ ಗೊತ್ತಿದ್ದಿಲ್ಲ. ನೀ ಓದಿದಾಕಿ, ನೀ ಹೇಳಿಕೊಟ್ಟಿ.”

ಅವನು ಹೀಗೆಯೇ ಹೇಳಿದನೆ? ನನಗೆ ಅನುಮಾನವಿದೆ. ಅಪ್ಪ ಚುಚ್ಚಿ ಮಾತಾಡುವವನಲ್ಲ. ಇಷ್ಟು ವರ್ಷ ನನ್ನನ್ನು ನಾನೇ ಚುಚ್ಚಿಕೊಳ್ಳಲು ಹೊಂದಿಸಿದ ಮಾತನ್ನು ಅವನ ಬಾಯಿಗೆ ಹಾಕಿದೆನೇನೋ. ಆವತ್ತಿನ ಡೈರಿಯಲ್ಲಿ ನಾಲ್ಕೇ ಶಬ್ದಗಳಿವೆ: ‘ಅಪ್ಪ ಗುಳಿಗೆ ಬೇಡ ಅಂದ.’ ಆದರೆ ಅದನ್ನು ಹೇಳುವಾಗ ಅವನು ನನ್ನ ಕಡೆ ನೋಡಿದ್ದು, ಆ ನೋಟದಲ್ಲಿ ಸಿಟ್ಟಿಲ್ಲದೆ ಇದ್ದದ್ದು ನಿಜ. ನಾವು ಬೇಡಿಕೊಂಡೆವು. ಡಾಕ್ಟರೂ ಕಾಗದ ಬರೆದರು. ಅವನು ಮತ್ತೆ ಆ ಗುಳಿಗೆ ಮುಟ್ಟಲಿಲ್ಲ. ಒಂಬತ್ತು ವರ್ಷ ಬದುಕಿದ. ಒಂಬತ್ತು ವರ್ಷವೂ ಬಾಗಿಲು ಕಾಣುವಂತೆ ಕೂತು ಉಂಡ. ಶಾಂತಾ ಗಂಡನ ಮನೆಗೆ ಹೊರಟಾಗ, ಅವಳ ಮಕ್ಕಳು ಬಂದಾಗ, ಕೊನೆಗೆ ಕಾಮಣಿ ಬೇನೆಯಾಗಿ ಹಾಸಿಗೆ ಹಿಡಿದಾಗಲೂ ಒಬ್ಬೊಬ್ಬರ ಹೆಸರು ಕರೆದ. ಆ ವರ್ಷಗಳಲ್ಲಿ ನಾನು ಒಂದು ಸಲವೂ ಉತ್ತರ ತಪ್ಪಿಸಲಿಲ್ಲ. ಅದನ್ನು ಸಾಧನೆಯೆಂದು ಹೇಳುತ್ತಿಲ್ಲ. ಹತ್ತು ತಿಂಗಳು ಅವನಿಗೆ ಕರೆಯುವ ಅಗತ್ಯವೇ ಇರಲಿಲ್ಲ, ಅದು ನನಗೆ ಮರೆಯುವುದಿಲ್ಲ.

ಔಷಧಿ ಅಂಗಡಿಯಿಂದ ಆವತ್ತು ಕೈಬೀಸಿಕೊಂಡು ಮನೆಗೆ ಬಂದೆ. ಅವ್ವ ಜಗುಲಿಯ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತೊಂಬತ್ತರ ಹತ್ತಿರ ಬಂದಿದ್ದಾಳೆ. ಕಿವಿ, ಕಣ್ಣು, ಬುದ್ಧಿ ಮೂರೂ ನನಗಿಂತ ಚೆನ್ನಾಗಿವೆ. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಇಷ್ಟು ವರ್ಷ ನಾನು ನನ್ನ ತಪ್ಪನ್ನೇ ತಿರುವಿ ಮುರುವಿ ನೋಡಿದ್ದೇನೆ. ನನ್ನ ಸುಳ್ಳು, ನನ್ನ ಕಾರ್ಡು, ನನ್ನ ಒಂದೂವರೆ ತಿಂಗಳು. ಅದರಲ್ಲೂ ಒಂದು ಸ್ವಾರ್ಥವಿತ್ತೆಂದು ಆವತ್ತು ತೋರಿತು. ಯಾಕೆಂದರೆ ಹಳಿಯಾಳದ ಆ ಕೋಣೆಯಲ್ಲಿ ನಾನಿರಲಿಲ್ಲ, ಅಪ್ಪ ಇದ್ದ. ಆ ಗುಳಿಗೆ ಯಾವುದರದ್ದೆಂದು ಧಾರವಾಡದ ಡಾಕ್ಟರು ಅವನಿಗೆ ಬಾಯಿಬಿಟ್ಟು ಹೇಳಿದ್ದರು. ಇದು ಬಿ.ಪಿ. ಗುಳಿಗೆಯಲ್ಲ ಎಂಬ ಒಂದು ಮಾತನ್ನು ಅವನೂ ಆಡಬಹುದಿತ್ತು. ಮಗಳ ಸುಳ್ಳು ಹೊರಬೀಳದಿರಲಿ ಎಂದು ಸುಮ್ಮನಾದನೋ, ಗುಣವಾಯಿತೆಂದು ತಾನೂ ನಂಬಿದನೋ, ಬಸ್ತ್ಯಾಂವನನ್ನು ಮರೆತು ಬದುಕುವುದು ತಪ್ಪೆಂದು ಅವನಿಗೆ ಅನ್ನಿಸಿತ್ತೋ. ಈ ಮೂರರಲ್ಲಿ ನಾನು ಒಂದೊಂದು ಕಾಲಕ್ಕೆ ಒಂದೊಂದನ್ನು ನಂಬಿದ್ದೇನೆ. ಅವನ ಪಕ್ಕದಲ್ಲಿ ಕೂತಿದ್ದವಳನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಕೇಳಿದೆ. ಅವ್ವ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಬುಟ್ಟಿಗೆ ಹಾಕಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಒಂದು ತಿಂಗಳಾಯಿತು, ಬೇರೆಲ್ಲ ಮಾತಾಡುತ್ತಾಳೆ, ಇದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಅವ್ವಾ, ಆವತ್ತ ಆ ಡಾಕ್ಟರು ಗುಳಿಗಿ ಬಂದ್ ಮಾಡ್ರಿ ಅಂದಾಗ ಅಪ್ಪ ನಿನ್ನ ಬಾಜೂಕಽ ಕುಂತಿದ್ದನಲ್ಲ. ಅಂವಾ ಏನರ ಹೇಳಾಕ ಬಾಯಿ ತಗದಿದ್ನೇನು?”